ತಗ್ಗಿಸಿದ ಕಾರು, ಒಳಗಿನಿಂದ ಸವೆದ ಟೈರು

ಈ ಟೈರಿನ ತುಂಡನ್ನು ಮೊದಲ ಸಾಲಿನಿಂದ ಹಿಂದಕ್ಕೆ ದಾಟಿಸುತ್ತಾ ಹೋಗಿ. ಸ್ವಲ್ಪ ಹುಷಾರು, ಒಂದು ಅಂಚಿನಲ್ಲಿ ತಂತಿ ಹೊರಗೆ ಬಂದಿದೆ, ಚುಚ್ಚುತ್ತದೆ. ಇದು 245/40 ಆರ್18 ಸೈಜಿನ ಟೈರು, ಅಡ್ಡಡ್ಡ ಕೊಯ್ಸಿದ್ದೇನೆ. ಹೊರಗಿನ ಅಂಚಿನಲ್ಲಿ ಡೆಪ್ತ್ ಗೇಜ್ ಇಟ್ಟರೆ 5 ಮಿ.ಮೀ. ಗ್ರಿಪ್ ಇದೆ. ಒಳಗಿನ ಅಂಚಿನಲ್ಲಿ ಅಳೆಯೋಕೆ ರಬ್ಬರೇ ಇಲ್ಲ. ಅದು ಓಡಿದ್ದು ಬರೀ 9,000 ಕಿ.ಮೀ.

ನನ್ನದೇ ಗಾಡಿಯ ಹಿಂದಿನ ಎಡಗಡೆ ಟೈರು ಇದು. ಸೆಕೆಂಡ್ ಹ್ಯಾಂಡ್ ತಗೊಂಡ ಆಡಿ ಟಿಟಿ, ಎರಡನೇ ತಲೆಮಾರಿನದು. ತಗೊಂಡ ಮೂರನೇ ತಿಂಗಳಿಗೆ ಸ್ಪ್ರಿಂಗ್ ಬದಲಾಯಿಸಿ 30 ಮಿ.ಮೀ. ತಗ್ಗಿಸಿದೆ. ಯಾಕೆ ಅಂತ ಇಲ್ಲಿ ಕೂತವರಿಗೆ ಹೇಳಬೇಕಾಗಿಲ್ಲ ಅಲ್ವಾ? ಚಕ್ರಕ್ಕೂ ಫೆಂಡರ್‌ಗೂ ನಡುವಿನ ಆ ನಾಲ್ಕು ಬೆರಳಿನ ಸಂದು ಕಣ್ಣಿಗೆ ಚುಚ್ಚುತ್ತಿತ್ತು, ಅಷ್ಟೇ.

ಐದಾರು ಸಾವಿರ ಕಿಲೋಮೀಟರ್ ಆದಮೇಲೆ ಹಿಂದುಗಡೆಯಿಂದ ಒಂದು ಹೂಂಕಾರ ಶುರುವಾಯಿತು. 60ರಲ್ಲಿ ಸಣ್ಣಗೆ, 80 ದಾಟಿದರೆ ಜೋರಾಗಿ. ಗ್ಯಾರೇಜಿಗೆ ಹೋದೆ, ವೀಲ್ ಬೇರಿಂಗ್ ಹೋಗಿದೆ ಅಂದರು. ಎರಡೂ ಕಡೆ ಹೊಸ ಬೇರಿಂಗ್ ಹಾಕಿಸಿದೆ. ಹೂಂಕಾರ ಹಾಗೇ ಇತ್ತು. ಈಗ ಗೊತ್ತು, ಅದು ಟೈರೇ ಕೂಗುತ್ತಿದ್ದದ್ದು. ಒಳಗಿನ ಅಂಚು ಗರಗಸದ ಹಲ್ಲಿನ ಹಾಗೆ ಸವೆದರೆ ಬರುವ ಸದ್ದು ಥೇಟ್ ಬೇರಿಂಗ್ ಸದ್ದೇ. ಬೇರಿಂಗಿಗೆ ದುಡ್ಡು ಕೊಡುವ ಮೊದಲು ಟೈರಿನ ಮೇಲೆ ಅಡ್ಡಡ್ಡ ಕೈಯಾಡಿಸಿ ನೋಡಿ. ಹೊರಗಿನಿಂದ ಒಳಗೆ ಒಂದು ಸಲ, ಒಳಗಿನಿಂದ ಹೊರಗೆ ಒಂದು ಸಲ. ಒಂದು ಕಡೆಗೆ ನುಣ್ಣಗೆ ಜಾರಿ, ಇನ್ನೊಂದು ಕಡೆಗೆ ಬೆರಳು ತಡೆದರೆ ಬೇರಿಂಗ್ ಬಿಡಿ, ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಂತಿರುವ ಕೋನ ನೋಡಿ.

ನನಗೆ ಇದನ್ನು ಹೇಳಿಕೊಟ್ಟವನು ನೆಲಮಂಗಲದ ಹತ್ತಿರ ಒಬ್ಬ ಪಂಕ್ಚರ್ ಅಂಗಡಿ ಹುಡುಗ. ಶಿವಮೊಗ್ಗದಿಂದ ವಾಪಸ್ ಬರುತ್ತಿದ್ದೆ, ಹಿಂದಿನ ಚಕ್ರದಲ್ಲಿ ಗಾಳಿ ಇಳಿಯುತ್ತಿತ್ತು. ಚಕ್ರ ಬಿಚ್ಚಿ, ತಿರುಗಿಸಿ, ಒಳಮೈ ನನ್ನ ಕಡೆ ಹಿಡಿದ. "ಸಾರ್, ಪಂಕ್ಚರ್ ಹಾಕ್ತೀನಿ, ಅದು ಬಿಡಿ. ಇದ್ರ ಮೇಲೆ ಯಾವ ಧೈರ್ಯದಲ್ಲಿ ಬಂದ್ರಿ?" ಅಂದ. ಅಂಚಿನ ಸುತ್ತ ಒಂದು ಬೆರಳಿನಗಲ ತಂತಿ ಫಳಫಳ ಹೊಳೆಯುತ್ತಿತ್ತು. ಹೆದ್ದಾರಿಯಲ್ಲಿ 100ರ ಮೇಲೆ ಬಂದಿದ್ದೆ, ಪಕ್ಕದಲ್ಲಿ ಹೆಂಡತಿ ಮಲಗಿದ್ದಳು.

ಅಷ್ಟು ದಿನ ನಾನು ಟೈರ್ ನೋಡಿರಲಿಲ್ಲ ಅಂತಲ್ಲ. ವಾರವಾರ ತೊಳೆಯುತ್ತಿದ್ದೆ, ಪಾಲಿಶ್ ಹಾಕುತ್ತಿದ್ದೆ. ಆದರೆ ನಿಂತು ನೋಡಿದರೆ ಕಾಣುವುದು ಹೊರಗಿನ ಅರ್ಧ ಮಾತ್ರ. ಮುಂದಿನ ಚಕ್ರವನ್ನಾದರೂ ಸ್ಟೀರಿಂಗ್ ತಿರುಗಿಸಿ ಇಣುಕಬಹುದು. ಹಿಂದಿನದನ್ನು ನೋಡಬೇಕಾದರೆ ನೆಲಕ್ಕೆ ಮಲಗಬೇಕು, ತಗ್ಗಿಸಿದ ಗಾಡಿಯಲ್ಲಂತೂ ತಲೆಯೇ ಒಳಗೆ ತೂರುವುದಿಲ್ಲ. ಫೋನಿನ ಕ್ಯಾಮೆರಾ ಆನ್ ಮಾಡಿ, ಟಾರ್ಚ್ ಹಚ್ಚಿ, ಕೈ ಮಾತ್ರ ಒಳಗೆ ಹಾಕಿ ವಿಡಿಯೋ ತೆಗೆಯಿರಿ, ಸುಲಭ. ಇನ್ನೊಂದು ಮಾತು. ಟೈರಿನ ತೋಡುಗಳ ಒಳಗೆ 1.6 ಮಿ.ಮೀ. ಎತ್ತರದ ಸಣ್ಣ ದಿಮ್ಮಿಗಳಿರುತ್ತವೆ, ರಬ್ಬರ್ ಅಲ್ಲಿಗೆ ಸಮವಾದರೆ ಟೈರಿನ ಆಯಸ್ಸು ಮುಗಿಯಿತು ಅಂತ ಲೆಕ್ಕ. ಅವು ಇರುವುದು ಮುಖ್ಯ ತೋಡುಗಳಲ್ಲಿ. ತೀರಾ ಒಳ ಅಂಚು ಬೋಳಾಗಿ ತಂತಿ ಬಂದರೂ ನಡುವಿನ ದಿಮ್ಮಿ "ಎಲ್ಲಾ ಚೆನ್ನಾಗಿದೆ" ಅಂತಲೇ ಹೇಳುತ್ತಿರುತ್ತದೆ.

ಸರಿ, ಯಾಕೆ ಹೀಗಾಯಿತು? ಯಾರನ್ನು ಕೇಳಿದರೂ ಒಂದೇ ಉತ್ತರ: ತಗ್ಗಿಸಿದ್ದೀರಲ್ಲ, ಕ್ಯಾಂಬರ್ ಜಾಸ್ತಿ ಆಗಿದೆ, ಒಳಗೆ ತಿಂದೇ ತಿನ್ನುತ್ತದೆ. ನಾನೂ ನಂಬಿದ್ದೆ. ಈ ಮಾತು ಅರ್ಧ ಮಾತ್ರ ನಿಜ, ಆ ಅರ್ಧವೂ ಚಿಕ್ಕ ಅರ್ಧ.

ಕ್ಯಾಂಬರ್ ಅಂದರೆ ಮುಂದಿನಿಂದ ನೋಡಿದಾಗ ಚಕ್ರ ಎಷ್ಟು ವಾಲಿದೆ ಅನ್ನುವುದು. ಮೇಲ್ಭಾಗ ಒಳಗೆ ವಾಲಿದರೆ ನೆಗೆಟಿವ್. ಟೋ ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮೂಗು ಯಾವ ಕಡೆ ತಿರುಗಿದೆ ಅನ್ನುವುದು. ನಿಮ್ಮ ಎರಡು ಪಾದಗಳನ್ನೇ ಚಕ್ರ ಅಂದುಕೊಳ್ಳಿ. ಹೆಬ್ಬೆರಳು ಹತ್ತಿರ ಬಂದರೆ ಟೋ ಇನ್, ದೂರ ಹೋದರೆ ಟೋ ಔಟ್. ವಾಲಿದ ಚಕ್ರ ವಾಲಿಕೊಂಡೇ ಉರುಳುತ್ತದೆ. ಒಳ ಅಂಚಿನ ಮೇಲೆ ಭಾರ ಜಾಸ್ತಿ ಬೀಳುತ್ತದೆ, ನಿಜ, ಆದರೆ ಉರುಳುತ್ತದೆ. ಮೂಗು ತಿರುಗಿದ ಚಕ್ರ ಹಾಗಲ್ಲ, ಅದು ಒಂದು ಕಡೆ ಹೋಗಬೇಕು ಅನ್ನುತ್ತದೆ, ಗಾಡಿ ಇನ್ನೊಂದು ಕಡೆ ಎಳೆಯುತ್ತದೆ. ಚಪ್ಪಲಿ ಎಳೆದುಕೊಂಡು ನಡೆಯುವವರ ಹಿಮ್ಮಡಿ ನೋಡಿದ್ದೀರಲ್ಲ? ಮೂರೇ ತಿಂಗಳಿಗೆ ಒಂದು ಮೂಲೆ ಮಾಯ. ಅದು ಭಾರಕ್ಕೆ ಆಗಿದ್ದಲ್ಲ, ಎಳೆತಕ್ಕೆ ಆಗಿದ್ದು.

ಒಂದು ಸಣ್ಣ ಲೆಕ್ಕ ಹಾಕೋಣ. 18 ಇಂಚಿನ ರಿಮ್, ಅಂದರೆ ಸುಮಾರು 457 ಮಿ.ಮೀ. ಎಡಬಲ ಎರಡು ರಿಮ್ಮುಗಳ ಮುಂದಿನ ಅಂಚುಗಳ ನಡುವೆ ಮತ್ತು ಹಿಂದಿನ ಅಂಚುಗಳ ನಡುವೆ ಅಳೆದಾಗ 3 ಮಿ.ಮೀ. ವ್ಯತ್ಯಾಸ ಬಂತು ಅಂದುಕೊಳ್ಳಿ. ಮೂರೇ ಮಿಲಿಮೀಟರ್, ಎರಡು ಒಂದು ರೂಪಾಯಿ ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ದಪ್ಪ. ಒಂದೊಂದು ಚಕ್ರಕ್ಕೂ ಸುಮಾರು 0.2 ಡಿಗ್ರಿ ಪಾಲು ಬರುತ್ತದೆ. ಆ ಲೆಕ್ಕದಲ್ಲಿ ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಪ್ರತಿ ಟೈರು ಮೂರು ಮೀಟರಿಗಿಂತ ಜಾಸ್ತಿ ಅಡ್ಡಕ್ಕೆ ಉಜ್ಜಿದ ಹಾಗೆ. ಇಲ್ಲಿ ಬೆಂಗಳೂರಿನಿಂದ ಮೈಸೂರಿಗೆ 140 ಕಿ.ಮೀ. ಅಂದರೂ ನಾನೂರು ಮೀಟರಿಗಿಂತ ಜಾಸ್ತಿ ಟೈರನ್ನು ಅಡ್ಡಡ್ಡ ಎಳೆದುಕೊಂಡು ಹೋದಿರಿ. ವಾಪಸ್ ಬರುವಾಗ ಇನ್ನೊಂದು ಸಲ. ಈಗ ಇದಕ್ಕೆ ಎರಡು ಡಿಗ್ರಿ ನೆಗೆಟಿವ್ ಕ್ಯಾಂಬರ್ ಸೇರಿಸಿ. ಉಜ್ಜುವುದು ಟೋ, ಎಲ್ಲಿ ಉಜ್ಜಬೇಕು ಅಂತ ಜಾಗ ತೋರಿಸುವುದು ಕ್ಯಾಂಬರ್. ಹಾಗಾಗಿ ತಿಂದಿದ್ದು ಒಳ ಅಂಚು, ಬೈಗುಳ ತಿಂದಿದ್ದು ಕ್ಯಾಂಬರ್.

ತಗ್ಗಿಸಿದರೆ ಟೋ ಯಾಕೆ ಬದಲಾಗಬೇಕು, ಟೋ ಹೊಂದಿಸುವ ಟೈ ರಾಡನ್ನು ನಾವು ಮುಟ್ಟಿಯೇ ಇಲ್ಲವಲ್ಲ? ಎಲ್ಲರೂ ಬಲಗೈಯನ್ನು ಪಕ್ಕಕ್ಕೆ ನೆಟ್ಟಗೆ ಚಾಚಿ. ಪಕ್ಕದವರ ಕಣ್ಣಿಗೆ ತಾಗಿಸಬೇಡಿ. ಈಗ ಭುಜ ಅಲ್ಲಾಡಿಸದೆ ಕೈಯನ್ನು ಮೇಲಕ್ಕೆ ಎತ್ತಿ. ಬೆರಳ ತುದಿ ಮೇಲೆ ಹೋಗುವುದರ ಜತೆಗೆ ತಲೆಯ ಕಡೆ ಒಳಗೂ ಬರುತ್ತಿದೆ ಅಲ್ವಾ? ಅದು ಲೋಯರ್ ಆರ್ಮ್, ಚಕ್ರವನ್ನು ಕೆಳಗಿನಿಂದ ಬಾಡಿಗೆ ಹಿಡಿದಿರುವ ತೋಳು. ಗಾಡಿ ಕೆಳಗಿಳಿದರೆ ಅದರ ಲೆಕ್ಕದಲ್ಲಿ ಚಕ್ರ ಮೇಲೆ ಹೋದ ಹಾಗೆ, ಆರ್ಮ್‌ನ ತುದಿ ಹೀಗೇ ಒಳಗೆ ಬರುತ್ತದೆ. ಟೈ ರಾಡೂ ಅದೇ ಕೆಲಸ ಮಾಡುತ್ತದೆ, ಆದರೆ ಅದರ ಉದ್ದ ಬೇರೆ, ಓರೆ ಬೇರೆ, ಆದ್ದರಿಂದ ಒಳಗೆ ಬರುವ ಅಳತೆಯೂ ಬೇರೆ. ಎರಡೂ ಹಿಡಿದಿರುವುದು ಒಂದೇ ಚಕ್ರವನ್ನು. ಒಬ್ಬ ಸ್ವಲ್ಪ ಎಳೆದ, ಇನ್ನೊಬ್ಬ ಜಾಸ್ತಿ ಎಳೆದ ಅಂದರೆ ಚಕ್ರದ ಮೂಗು ತಿರುಗಲೇಬೇಕು. ಒಳಗೋ ಹೊರಗೋ ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ, ಟೈ ರಾಡ್ ಆಕ್ಸಲ್‌ನ ಮುಂದಿದೆಯೋ ಹಿಂದಿದೆಯೋ ಅನ್ನುವುದರ ಮೇಲೂ ಹೋಗುತ್ತದೆ. ಹಿಂದುಗಡೆ ಮಲ್ಟಿ ಲಿಂಕ್, ಅಂದರೆ ಒಂದೊಂದು ಚಕ್ರಕ್ಕೂ ಹಲವು ಆರ್ಮ್ ಇದ್ದರೆ ಇದೇ ಜಗ್ಗಾಟ ಮೂರ್ನಾಲ್ಕು ಜನರ ನಡುವೆ. ಕೈ ಇಳಿಸಿ, ಸಾಕು.

ನೋಡಿ, ಚಕ್ರ ಉಜ್ಜದ ಹಾಗೆ ಗಾಡಿ ತಿರುಗಿಸುವ ತಲೆನೋವು ಕಾರಿಗಿಂತ ಹಳೆಯದು. ಮ್ಯೂನಿಕ್‌ನ ಲಾಂಕೆನ್‌ಸ್ಪೆರ್ಗರ್ ಅನ್ನುವ ಸಾರೋಟು ಮಾಡುವವನು ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಜಾಸ್ತಿ ತಿರುಗುವ ಹಾಗೆ ಜೋಡಣೆ ಮಾಡಿದ. ಲಂಡನ್‌ನಲ್ಲಿದ್ದ ಆಕರ್‌ಮನ್ ಅದಕ್ಕೆ 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ತೆಗೆದ. ಹೆಸರು ಉಳಿದಿದ್ದು ಪೇಟೆಂಟ್ ತೆಗೆದವನದು. ಕುದುರೆ ಗಾಡಿಯವರು ಅಷ್ಟು ತಲೆ ಕೆಡಿಸಿಕೊಂಡಿದ್ದರು, ನಾವು ಒಂದೊಂದು ಟೈರಿಗೆ ಹದಿನೈದು ಸಾವಿರ ಸುರಿದು ಸುಮ್ನೆ ಇರುತ್ತೇವೆ.

ಈಗ ನನ್ನ ತಪ್ಪಿಗೆ ಬರೋಣ. ತಗ್ಗಿಸಿದ ದಿನವೇ ನಾನು ಅಲೈನ್‌ಮೆಂಟ್ ಮಾಡಿಸಿದ್ದೆ. ಪ್ರಿಂಟೌಟ್ ಕೂಡ ಇದೆ. ಮುಂದೆ ಎಲ್ಲಾ ಹಸಿರು. ಹಿಂದೆ ಎರಡು ಕಡೆ ಕೆಂಪು. ಕೇಳಿದರೆ "ಹಿಂದೆ ಅಡ್ಜಸ್ಟ್‌ಮೆಂಟ್ ಬರಲ್ಲ ಸಾರ್, ತಗ್ಗಿಸಿದ್ದೀರಲ್ಲ, ಹಾಗೇ ಇರುತ್ತೆ" ಅಂದರು. ದುಡ್ಡು ಕೊಟ್ಟು ಬಂದೆ. ಟಿಟಿಯ ಹಿಂದುಗಡೆ ಪ್ರತಿ ಚಕ್ರಕ್ಕೂ ಎರಡು ಎಕ್ಸೆಂಟ್ರಿಕ್ ಬೋಲ್ಟ್, ಅಂದರೆ ತಿರುಗಿಸಿದರೆ ಆರ್ಮ್ ಆಚೀಚೆ ಸರಿಯುವ ಬೋಲ್ಟ್ ಇವೆ, ಒಂದು ಕ್ಯಾಂಬರಿಗೆ, ಒಂದು ಟೋಗೆ. ಸ್ಕೋಡಾ ಲಾರಾ ಇಟ್ಟುಕೊಂಡವರೂ ಕೇಳಿಸಿಕೊಳ್ಳಿ, ನಿಮ್ಮದೂ ಅದೇ ಕುಟುಂಬ. ಅಡ್ಜಸ್ಟ್‌ಮೆಂಟ್ ಬರಲ್ಲ ಅಂದರೆ ನಿಜವಾದ ಅರ್ಥ, ಬೋಲ್ಟ್ ತಿರುಗುತ್ತಿಲ್ಲ. ನನ್ನ ಗಾಡಿಯ ಹಿಂದಿನ ಓನರ್ ಮಂಗಳೂರಿನವರು. ಕಡಲ ಗಾಳಿಗೆ ಬೋಲ್ಟು ಆರ್ಮ್‌ನ ರಬ್ಬರ್ ಬುಷ್‌ನೊಳಗಿನ ಕೊಳವೆಗೆ ಕಚ್ಚಿಕೊಂಡು ಒಂದೇ ಕಬ್ಬಿಣ ಆಗಿಬಿಟ್ಟಿತ್ತು. ಆಮೇಲೆ ಬೇರೆ ಕಡೆ ಗ್ರೈಂಡರ್‌ನಲ್ಲಿ ಕೊಯ್ದು ತೆಗೆಸಿದೆ, ಬುಷ್ ಸಮೇತ ಹೊಸದು ಹಾಕಿಸಿದೆ. ಒಂದು ದಿನದ ಕೆಲಸ. ಅದನ್ನು ಯಾರೂ ಮೈಮೇಲೆ ಎಳೆದುಕೊಳ್ಳುವುದಿಲ್ಲ, ಅದಕ್ಕೇ "ಬರಲ್ಲ".

ಹಸಿರು ಬಣ್ಣವನ್ನೂ ಪೂರ್ತಿ ನಂಬಬೇಡಿ. ಹಸಿರು ಅಂದರೆ ಕಂಪನಿ ಕೊಟ್ಟ ಮಿತಿಯ ಒಳಗಿದೆ ಅಂತ ಅಷ್ಟೇ. ಮಿತಿಯ ಈ ತುದಿಯಲ್ಲಿ ಎಡ ಚಕ್ರ, ಆ ತುದಿಯಲ್ಲಿ ಬಲ ಚಕ್ರ ಇದ್ದರೂ ಎರಡೂ ಹಸಿರೇ. ಬಣ್ಣ ನೋಡಬೇಡಿ, ಅಂಕಿ ನೋಡಿ, ಎಡಬಲ ಹೋಲಿಸಿ. ಹಿಂದಿನ ಎರಡು ಚಕ್ರಗಳ ಟೋ ಒಂದೇ ಸಮ ಇಲ್ಲದಿದ್ದರೆ ಗಾಡಿ ನಾಯಿ ಓಡುವ ಹಾಗೆ ಸ್ವಲ್ಪ ಓರೆಯಾಗಿ ಓಡುತ್ತದೆ, ಸ್ಟೀರಿಂಗ್ ಸೊಟ್ಟ ಹಿಡಿದರೆ ಮಾತ್ರ ನೇರ ಹೋಗುತ್ತದೆ. ಅದಕ್ಕೇ ಯಾವಾಗಲೂ ಮೊದಲು ಹಿಂದಿನದು, ಆಮೇಲೆ ಸ್ಟೀರಿಂಗ್ ನೇರ ಮಾಡಿ ಲಾಕ್, ಕೊನೆಗೆ ಮುಂದಿನ ಟೋ. ಅಂಗಡಿಯವನು ಸೀದಾ ಮುಂದಿನ ಟೈ ರಾಡಿಗೆ ಸ್ಪ್ಯಾನರ್ ಹಾಕಿದರೆ ಅಲ್ಲೇ ತಡೆಯಿರಿ.

ಇನ್ನು ನಾನು ತುಂಬಾ ತಡವಾಗಿ ಕಲಿತ ವಿಷಯ, ಬುಷ್. ಇದಕ್ಕೆ ಸ್ವಲ್ಪ ಹೊತ್ತು ತಗೊಳ್ಳುತ್ತೇನೆ, ಯಾಕೆಂದರೆ ಯಾರೂ ಹೇಳುವುದಿಲ್ಲ. ಆರ್ಮ್ ಬಾಡಿಗೆ ಸೇರುವ ಜಾಗದಲ್ಲಿ ರಬ್ಬರ್ ಬುಷ್ ಇರುತ್ತದೆ. ಒಳಗೆ ಕಬ್ಬಿಣದ ಕೊಳವೆ, ಸುತ್ತ ರಬ್ಬರ್, ಅದರ ಹೊರಗೆ ಆರ್ಮ್. ಬೋಲ್ಟ್ ಟೈಟ್ ಮಾಡಿದಾಗ ಆ ಕೊಳವೆ ಬ್ರಾಕೆಟ್ಟಿಗೆ ಕಚ್ಚಿಕೊಳ್ಳುತ್ತದೆ, ತಿರುಗುವುದಿಲ್ಲ. ಆರ್ಮ್ ಮೇಲೆ ಕೆಳಗೆ ಆಡಿದಾಗೆಲ್ಲ ರಬ್ಬರ್ ತಿರುಚಿಕೊಂಡು ವಾಪಸ್ ಬರುತ್ತದೆ. ಈಗ ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿ, ಚಕ್ರ ನೇತಾಡುತ್ತಿರುವಾಗಲೇ ಎಲ್ಲಾ ಬೋಲ್ಟ್ ಟೈಟ್ ಮಾಡಿದರೆ ಏನಾಯಿತು? ರಬ್ಬರಿಗೆ ನೇತಾಡುವ ಸ್ಥಿತಿಯೇ ಆರಾಮು. ಕೆಳಗಿಳಿಸಿದ ಕ್ಷಣದಿಂದ ಅದು ತಿರುಚಿಕೊಂಡೇ ಇರುತ್ತದೆ, ಹಗಲೂ ರಾತ್ರಿ, ಗಾಡಿ ನಿಂತಾಗಲೂ. ಒದ್ದೆ ಬಟ್ಟೆ ಹಿಂಡಿ ಹಾಗೇ ಗಂಟು ಹಾಕಿಟ್ಟ ಹಾಗೆ. ಬೇಗ ಹರಿಯುತ್ತದೆ. ಹರಿದ ಮೇಲೆ ಮೆಷಿನ್ ಮೇಲೆ ನಿಂತಾಗ ಟೋ ಸರಿ ತೋರಿಸುತ್ತದೆ, ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಆರ್ಮ್ ಜಾರಿ ಟೋ ಬದಲಾಗುತ್ತದೆ. "ಮೂರು ಸಲ ಅಲೈನ್‌ಮೆಂಟ್ ಮಾಡಿಸಿದೆ, ಆದರೂ ತಿನ್ನುತ್ತೆ" ಅನ್ನುವವರಲ್ಲಿ ಎಷ್ಟೋ ಜನರ ಕಥೆ ಇದೇ.

ಹಾಗಾಗಿ ಸ್ಪ್ರಿಂಗ್ ಹಾಕುವಾಗ ಬಿಚ್ಚಿದ್ದನ್ನೆಲ್ಲ ಸ್ವಲ್ಪ ಸಡಿಲವಾಗಿಯೇ ಬಿಟ್ಟು, ಗಾಡಿ ತನ್ನ ಚಕ್ರದ ಮೇಲೆ ನಿಂತಿರುವಾಗ, ಅಂದರೆ ರಾಂಪ್ ಮೇಲೋ ಗುಂಡಿಯ ಮೇಲೋ ನಿಲ್ಲಿಸಿ ಟೈಟ್ ಮಾಡಬೇಕು. ಲಿಫ್ಟ್ ಮಾತ್ರ ಇದ್ದರೆ ಚಕ್ರ ಕೂರುವ ಹಬ್ ಕೆಳಗೆ ಜಾಕ್ ಕೊಟ್ಟು, ಚಕ್ರದ ನಡುವಿನಿಂದ ಫೆಂಡರಿಗೆ ಎಷ್ಟಿರಬೇಕೋ ಅಷ್ಟಕ್ಕೆ ಎತ್ತಿ ಟೈಟ್ ಮಾಡಿ.

ಸ್ಪ್ರಿಂಗ್ ಹಾಕಿದ ದಿನವೇ ಕೊನೆಯ ಅಲೈನ್‌ಮೆಂಟ್ ಮಾಡಿಸುವುದೂ ದಂಡ. ಅಂಗಡಿಯಿಂದ ಮನೆಗೆ ಬರೋಕೆ ಕೈಯಳತೆಯಲ್ಲಿ ಟೋ ಸರಿ ಮಾಡಿಸಿ ಸಾಕು. ಸ್ಪ್ರಿಂಗ್ ಕೂರಬೇಕು. ನಾನು 500 ಕಿ.ಮೀ. ಓಡಿಸಿ, ಎತ್ತರ ಮತ್ತೆ ಅಳೆದು, ಆಮೇಲೆ ಹೋಗುತ್ತೇನೆ. ಹೋಗುವಾಗ ಅರ್ಧ ಟ್ಯಾಂಕ್ ಪೆಟ್ರೋಲ್, ತಣ್ಣಗಿರುವಾಗ ನೋಡಿದ ಗಾಳಿ, ಡಿಕ್ಕಿಯಲ್ಲಿ ಕಸ ಇಲ್ಲ. ಜತೆಗೆ ಮೂರು ಅಕ್ಕಿ ಮೂಟೆ, 25 ಕೆಜಿಯದು. ನಗಬೇಡಿ. ಅದು ಡ್ರೈವರ್ ಸೀಟಿಗೆ, ನನ್ನ ತೂಕಕ್ಕೆ ಸಮ. ತಗ್ಗಿಸಿದ ಗಾಡಿಯಲ್ಲಿ ಆರ್ಮ್ ಆಗಲೇ ಓರೆಯಾಗಿ ನಿಂತಿರುವುದರಿಂದ ಸ್ವಲ್ಪ ಇಳಿದರೂ ಅಂಕಿ ಬದಲಾಗುತ್ತದೆ. ಅಂಗಡಿಯವರು ಮೊದಲ ಸಲ ನಕ್ಕರು, ಮೂಟೆ ಇಟ್ಟಾಗ ಸ್ಕ್ರೀನ್ ಮೇಲೆ ಅಂಕಿ ಕುಣಿದದ್ದು ನೋಡಿ ಸುಮ್ಮನಾದರು. ವಾಪಸ್ ಬರುತ್ತಾ ಒಂದು ಮೂಟೆ ಅತ್ತೆ ಮನೆಗೆ ಕೊಟ್ಟೆ.

ಎಷ್ಟಕ್ಕೆ ಇಡಬೇಕು? ನನ್ನ ಗಾಡಿಗೆ ನಾನು ಇಟ್ಟಿದ್ದು ಹೇಳುತ್ತೇನೆ, ಕುರುಡಾಗಿ ನಕಲು ಮಾಡಬೇಡಿ. ಹಿಂದೆ ಕ್ಯಾಂಬರ್ ಮೈನಸ್ 1.6 ಡಿಗ್ರಿ, ಎಡಬಲ 0.2ಕ್ಕಿಂತ ಜಾಸ್ತಿ ವ್ಯತ್ಯಾಸ ಇಲ್ಲ. ಹಿಂದೆ ಟೋ ಎರಡೂ ಸೇರಿ 0.15 ಡಿಗ್ರಿ ಇನ್. ಹಿಂದಿನದನ್ನು ಟೋ ಔಟ್‌ಗೆ ಯಾವತ್ತೂ ಬಿಡಬೇಡಿ, ಟೈರಿಗಿಂತ ಮೊದಲು ನಿಮ್ಮ ಜೀವಕ್ಕೆ ಅಪಾಯ, ಮಳೆಯಲ್ಲಿ ಹಿಂಭಾಗ ಬೀಸಿಬಿಡುತ್ತದೆ. ಮುಂದೆ ಟೋ ಸೊನ್ನೆಗೆ ಹತ್ತಿರ. ಮುಂದಿನ ಕ್ಯಾಂಬರ್ ಮೈನಸ್ ಒಂದರ ಆಸುಪಾಸು ಬಂತು, ಅಲ್ಲಿ ಬೋಲ್ಟ್ ಇಲ್ಲ, ಆರ್ಮ್‌ಗಳು ಕೂರುವ ಚೌಕಟ್ಟನ್ನೇ, ಅಂದರೆ ಸಬ್‌ಫ್ರೇಮನ್ನು, ಸ್ವಲ್ಪ ಸರಿಸಿ ಎಡಬಲ ಸಮ ಮಾಡಿಸಿದೆ. ಇನ್ನೂ ಕೆಳಗಿಳಿಸಿದ್ದರೆ ಹಿಂದಿನ ಬೋಲ್ಟ್ ತಿರುವಿದಷ್ಟೂ ಸಾಲದು, ಉದ್ದ ಹೊಂದಿಸುವ ಆರ್ಮ್ ಬೇಕಾಗುತ್ತದೆ. ಸ್ಪ್ರಿಂಗಿಗೆ ದುಡ್ಡು ಎತ್ತಿಡುವಾಗಲೇ ಅದಕ್ಕೂ ಎತ್ತಿಡಿ.

ಕ್ಯಾಂಬರ್ ಕೆಟ್ಟದ್ದು ಅಂತ ಸೊನ್ನೆಗೆ ತರಬೇಡಿ. ವಾರಾ ವಾರಾ ಚಾರ್ಮಾಡಿ, ಶಿರಾಡಿ ಅಂತ ಘಾಟಿ ಹತ್ತುವವರಿಗೆ ನೆಟ್ಟಗೆ ನಿಂತ ಚಕ್ರದ ಹೊರ ಅಂಚು ಸವೆಯುತ್ತದೆ, ಯಾಕೆಂದರೆ ತಿರುವಿನಲ್ಲಿ ಗಾಡಿ ಹೊರಗೆ ವಾಲುತ್ತದೆ. ಅವರಿಗೆ ಒಂದೂವರೆ ಎರಡು ಡಿಗ್ರಿ ನೆಗೆಟಿವ್ ಇದ್ದರೇ ಟೈರು ಸಮವಾಗಿ ಹೋಗುವುದು. ದಿನಾ ಔಟರ್ ರಿಂಗ್ ರೋಡಿನಲ್ಲಿ ನೇರ ಸಾಲಲ್ಲಿ ತೆವಳುವವರಿಗೆ ಅಷ್ಟು ಬೇಡ. ಕೊಯಮತ್ತೂರಿನ ಕಾರಿ ಟ್ರ್ಯಾಕಿಗೆ ಹೋಗುವ ಗೆಳೆಯರು ಮೂರು ಡಿಗ್ರಿ ಇಡುತ್ತಾರೆ ಅಂತ ನೀವೂ ಇಟ್ಟರೆ, ಅವರು ಟೈರ್ ಬೇರೆ ಕಟ್ಟಿಕೊಂಡು ಹೋಗುತ್ತಾರೆ, ನೀವು ಆಫೀಸಿಗೆ ಹೋಗುತ್ತೀರಿ.

ಸ್ಪ್ರಿಂಗ್ ಕಟ್ ಮಾಡಿಸುವ ಬಗ್ಗೆ ಬಿಡುವಿನಲ್ಲಿ ಒಬ್ಬರು ಕೇಳಿದರು. ಬೇಡ. ಸುತ್ತು ಕಮ್ಮಿಯಾದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ತುದಿ ತನ್ನ ಸೀಟಿನಲ್ಲಿ ಕೂರುವುದಿಲ್ಲ, ಶಾಕ್ ಅಬ್ಸಾರ್ಬರ್ ಹಳೇ ಉದ್ದದ್ದೇ ಆದ್ದರಿಂದ ಪ್ರತಿ ರೋಡ್ ಹಂಪ್‌ಗೂ ಬಂಪ್ ಸ್ಟಾಪಿಗೆ, ಅಂದರೆ ಕೊನೆಯಲ್ಲಿ ತಡೆಯುವ ರಬ್ಬರಿಗೆ ಹೊಡೆಯುತ್ತದೆ. ಚಕ್ರ ಉರುಳುವ ಬದಲು ಕುಪ್ಪಳಿಸುತ್ತದೆ. ಟೈರ್ ಸುತ್ತ ಅಲ್ಲಲ್ಲಿ ತಟ್ಟೆಯ ಹಾಗೆ ಗುಳಿ ಬಿದ್ದಿದ್ದರೆ ಅದು ಅಲೈನ್‌ಮೆಂಟ್ ಅಲ್ಲ, ಶಾಕ್ ಅಬ್ಸಾರ್ಬರ್ ಕೆಲಸ. ಕಾನೂನಿನ ಮಾತೂ ಒಂದು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಬೇರೆಯಾಗುವ ಬದಲಾವಣೆ ಮಾಡುವಂತಿಲ್ಲ. ಆ ರಿಸ್ಕ್ ನಿಮ್ಮದು, ಗೊತ್ತಿದ್ದೇ ಮಾಡಿ.

ಗಾಳಿ. ಹಂಪ್‌ಗೆ ತಾಗಬಾರದು ಅಂತ 40 ಪಿಎಸ್‌ಐ ತುಂಬಿಸುವವರಿದ್ದಾರೆ. ನಡುಭಾಗ ಬೋಳಾಗುತ್ತದೆ ಅಷ್ಟೇ, ಹಂಪ್ ತಾಗುವುದು ತಾಗುತ್ತದೆ. ತಗ್ಗಿಸಿದರೆ ಗಾಡಿಯ ತೂಕ ಬದಲಾಗುವುದಿಲ್ಲ, ಕಂಪನಿ ಸ್ಟಿಕ್ಕರ್ ಏನು ಹೇಳುತ್ತದೋ ಅದೇ.

ಮನೆಯಲ್ಲೇ ನೋಡಿಕೊಳ್ಳೋಕೆ ದೊಡ್ಡ ಸಾಮಾನು ಬೇಡ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಗಾರೆ ಕೆಲಸದವರ ತೂಗುಗುಂಡನ್ನು ಫೆಂಡರಿನಿಂದ ಇಳಿಬಿಡಿ, ರಿಮ್ಮಿನ ಮೇಲಂಚಿಗೂ ಕೆಳಂಚಿಗೂ ದಾರದಿಂದ ಎಷ್ಟು ದೂರ ಅಳೆಯಿರಿ. 18 ಇಂಚಿನ ರಿಮ್ಮಿಗೆ 8 ಮಿ.ಮೀ. ವ್ಯತ್ಯಾಸ ಅಂದರೆ ಒಂದು ಡಿಗ್ರಿ ಕ್ಯಾಂಬರ್. ಅದಕ್ಕಿಂತ ಮುಖ್ಯ, ಒಂದು ಡೆಪ್ತ್ ಗೇಜ್ ತಗೊಳ್ಳಿ, ಕೆಲವು ನೂರು ರೂಪಾಯಿ. 2,000 ಕಿಲೋಮೀಟರಿಗೊಮ್ಮೆ ಪ್ರತಿ ಟೈರಿನ ಒಳಗೆ, ನಡುವೆ, ಹೊರಗೆ ಮೂರು ಕಡೆ ಅಳೆದು ಬರೆದಿಡಿ. ಒಳಗಿನದು ಅರ್ಧ ಮಿ.ಮೀ. ಹಿಂದೆ ಬಿದ್ದ ತಕ್ಷಣ ಗೊತ್ತಾಗುತ್ತದೆ, ತಂತಿ ಬರುವ ತನಕ ಕಾಯಬೇಕಾಗಿಲ್ಲ. ದೊಡ್ಡ ಗುಂಡಿಗೆ ಬಿದ್ದ ಮಾರನೇ ದಿನವೂ ನೋಡಿ. ಮುಂದೆ ಹಿಂದೆ ಒಂದೇ ಸೈಜ್ ಇದ್ದರೆ 5,000ಕ್ಕೊಮ್ಮೆ ಅದಲು ಬದಲು ಮಾಡಿ. ಹಿಂದೆ ಅಗಲದ ಟೈರ್ ಹಾಕಿಕೊಂಡವರಿಗೆ ಆ ಭಾಗ್ಯ ಇಲ್ಲ.

ಫೋಕ್ಸ್‌ವ್ಯಾಗನ್ ಪೋಲೋ ತಗ್ಗಿಸಿದರೂ ಹೀಗೇನಾ ಅಂತ ಕೇಳಿದಿರಲ್ಲ, ಹಿಂದಿನ ಸಾಲಿನವರು? ಅದರ ಹಿಂದುಗಡೆ ಟಾರ್ಶನ್ ಬೀಮ್, ಒಂದೇ ತುಂಡು. ತಗ್ಗಿಸಿದರೂ ಅಲ್ಲಿ ಕ್ಯಾಂಬರ್, ಟೋ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಆದರೆ ಬೀಮ್ ಬಾಗಿದ್ದರೆ ತಿರುಗಿಸೋಕೆ ಬೋಲ್ಟ್ ಇಲ್ಲ, ಹಬ್ ಹಿಂದೆ ಶಿಮ್, ಅಂದರೆ ತೆಳು ತಗಡು ಹಾಕಬೇಕು. ನಿಮ್ಮ ತಲೆನೋವು ಮುಂದಿನ ಟೋ ಒಂದೇ.

ನನ್ನ ಎರಡನೇ ಸೆಟ್ ಎಷ್ಟು ಓಡಿತು ಅಂತಲೂ ಕೇಳಿದಿರಿ. ಪುಸ್ತಕ ಇಲ್ಲೇ ಇದೆ. ಹೋದ ಭಾನುವಾರ 22,000 ಕಿ.ಮೀ. ಆಯಿತು. ಹಿಂದಿನ ಎಡ, ಹೊರಗೆ 4.3, ನಡುವೆ 4.2, ಒಳಗೆ 3.9. ಆ ತುಂಡು ಎಲ್ಲಿಗೆ ಬಂತು? ಯಾರ ಹತ್ತಿರ ಇದೆಯೋ ವಾಪಸ್ ಕೊಡಿ, ಮುಂದಿನ ವಾರ ಮೈಸೂರಿನಲ್ಲಿ ಬೇಕು.